ಬಾವಿಯಲ್ಲಿಲ್ಲದ ಉಪ್ಪು

ಕಡಲ ತೀರದ ಒಂದು ಊರಿನಲ್ಲಿ ಲಸ್ರಾದೊ ಎಂಬ ಮನೆತನವಿತ್ತು. ನಾಲ್ಕು ತಲೆಮಾರುಗಳಲ್ಲಿ ಆ ಮನೆಯವರು ಒಮ್ಮೆಯೂ ಜನರ ಮಾತಿಗೆ ಸಿಕ್ಕವರಲ್ಲ, ಕೋರ್ಟು ಹತ್ತಿದವರಲ್ಲ. ಊರಿನ ಚರ್ಚಿಗೆ ಗಂಟೆ ಮಾಡಿಸಿಕೊಟ್ಟವರು ಅವರು. ಸ್ಮಶಾನಕ್ಕೆ ಜಾಗ ಬಿಟ್ಟವರು ಅವರು. ಆ ಮನೆಯ ಹೆಣ್ಣುಮಕ್ಕಳೆಲ್ಲ ಕಾನ್ವೆಂಟಿನಲ್ಲಿ ಓದಿದವರು. ತಲೆ ಬಾಚದೆ ಅಂಗಳಕ್ಕೆ ಇಳಿಯುವವರಲ್ಲ, ಮಾತು ಕೊಟ್ಟು ತಪ್ಪುವವರಲ್ಲ.

ಇದೆಲ್ಲಕ್ಕಿಂತ ದೊಡ್ಡದು ಅವರ ಬಾವಿ. ಕಡಲು ಕೂಗಳತೆಯಲ್ಲಿದ್ದರೂ ಆ ಬಾವಿಯ ನೀರು ಮೇ ತಿಂಗಳಿನಲ್ಲಿಯೂ ಎಳನೀರಿನ ಹಾಗೆ ಇರುತ್ತಿತ್ತು. ಬೇಸಗೆಯಲ್ಲಿ ಉಳಿದ ಬಾವಿಗಳು ತಳ ಕಂಡಾಗ ಇಡೀ ಬೀದಿ ಕೊಡಪಾನ ಹಿಡಿದು ಲಸ್ರಾದೊ ಮನೆಯ ಗೇಟಿಗೆ ಬರುತ್ತಿತ್ತು. ಯಾವ ಜಾತಿ, ಯಾವ ದೇವರು ಎಂದು ಆ ಗೇಟಿನಲ್ಲಿ ಯಾರೂ ಕೇಳಿದ್ದಿಲ್ಲ. ಬೀದಿಯ ಕ್ರೈಸ್ತರ ಮನೆಗಳಲ್ಲಿ ಮದುವೆಯ ಹಿಂದಿನ ದಿನ ರೋಸ್ ಎಂಬ ಶಾಸ್ತ್ರ ನಡೆಯುತ್ತದೆ. ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುತ್ತಾರೆ. ಮೀಯಿಸುವ ಆ ನೀರು ಈ ಬಾವಿಯದೇ ಆಗಬೇಕು ಎಂಬುದು ಬೀದಿಯ ರೂಢಿಯಾಗಿತ್ತು.

ಮನೆಯ ಯಜಮಾನಿ ಲಿಯೊಕಾಡಿಯಾ ಬಾಯಿ. ಆ ಕಡೆ ಹಿರಿಯ ಕ್ರೈಸ್ತ ಹೆಂಗಸರನ್ನು ಬಾಯಿ ಎಂದೇ ಕರೆಯುವುದು. ನೀರು ಕೊಡುವುದರಲ್ಲಿ ಅವರ ಕೈ ದೊಡ್ಡದು, ಶಿಸ್ತಿನಲ್ಲಿ ಅವರ ಕಣ್ಣು ಅದಕ್ಕಿಂತ ದೊಡ್ಡದು. ಬಾವಿಕಟ್ಟೆಗೆ ಚಪ್ಪಲಿ ಹಾಕಿ ಬರುವಂತಿಲ್ಲ. ಹಗ್ಗ ನೆಲಕ್ಕೆ ತಾಗುವಂತಿಲ್ಲ. ಪಕ್ಕದ ಮನೆಯ ಸಿಲಿನ್ ಒಮ್ಮೆ ಕಟ್ಟೆಯ ಬಳಿ ಬೂತಾಯಿ ಮೀನು ತೊಳೆಯಲು ಕುಳಿತಳು. ಬಾಯಿ ಜಗಲಿಯಿಂದಲೇ ಬೀದಿಗೆಲ್ಲ ಕೇಳುವಂತೆ ಹೇಳಿದರು.

"ಸಿಲಿನ್, ಇದು ಮೀನು ಮಾರ್ಕೆಟ್ ಅಲ್ಲ. ಎತ್ತು ನಿನ್ನ ಪಾತ್ರೆ."

ಸಿಲಿನ್ ಪಾತ್ರೆ ಎತ್ತಿಕೊಂಡು ಹೋದಳು. ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು.

ಅದೇ ಬೀದಿಯಲ್ಲಿ ಬೆಳೆದವನು ಹಿಲರಿ ತಾವ್ರೊ. ಚಿಕ್ಕವನಾಗಿದ್ದಾಗ ಅಮ್ಮನ ಸೆರಗು ಹಿಡಿದು ಇದೇ ಬಾವಿಗೆ ಬರುತ್ತಿದ್ದವನು. ಈಗ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರೊಫೆಸರ್. ಮಳೆ, ತೋಡು, ಬಾವಿ ಇವುಗಳ ನೀರಿನಲ್ಲಿ ಸೋಡಿಯಂ ಎಷ್ಟು, ಕ್ಲೋರೈಡ್ ಎಷ್ಟು ಎಂದು ಅಳೆಯುವುದು ಅವನ ಸಂಶೋಧನೆ. ಮಕ್ಕಳೇ, ನಾವು ಅಡುಗೆಗೆ ಹಾಕುವ ಉಪ್ಪಿನಲ್ಲಿ ಇರುವುದು ಈ ಎರಡೇ. ನೀರಿಗೆ ಉಪ್ಪು ಸೇರಿದರೆ ಎರಡೂ ಜೊತೆಯಾಗಿಯೇ ಸೇರುತ್ತವೆ. ಇಷ್ಟನ್ನು ನೆನಪಿಟ್ಟುಕೊಂಡರೆ ಈ ಕತೆ ಅರ್ಥವಾಗುತ್ತದೆ.

ಮಳೆಗಾಲ ಮುಗಿದ ಮೇಲೆ ಹಿಲರಿ ಬೀದಿಯ ಎಲ್ಲ ಬಾವಿಗಳಿಂದಲೂ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ನೀರು ಸಂಗ್ರಹಿಸಿದ. ಕೊನೆಗೆ ಲಸ್ರಾದೊ ಮನೆಗೆ ಬಂದ. ಅವನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿ ಬಾಯಿ ಹುಬ್ಬು ಗಂಟಿಕ್ಕಿದರು.

"ಇದೆಂತದು ಹಿಲರಿ? ಸೀಮೆಎಣ್ಣೆ ತರಲಿಕ್ಕೆ ಹೊರಟಿದ್ದೀಯಾ?"

"ಇಲ್ಲ ಬಾಯಿ, ನೀರಿಗೇ ಇದು. ಎಲ್ಲರ ಮನೆಯದ್ದೂ ಇದರಲ್ಲೇ ತುಂಬಿಸಿದ್ದೇನೆ."

"ಎಲ್ಲರದ್ದು ತುಂಬಿಸು. ನಮ್ಮ ನೀರನ್ನು ಪ್ಲಾಸ್ಟಿಕ್‌ಗೆ ಹಾಕಿ ನಮಗೆ ಅಭ್ಯಾಸ ಇಲ್ಲ. ನನ್ನ ಅಜ್ಜ ಬಿಷಪರ ಮನೆಗೆ ನೀರು ಕಳಿಸುತ್ತಿದ್ದದ್ದು ಗಾಜಿನಲ್ಲಿ. ನಿಲ್ಲು."

ಒಳಗೆ ಹೋಗಿ ಕ್ರಿಸ್ಮಸ್‌ಗೆ ಮನೆಯಲ್ಲೇ ಮಾಡುವ ದ್ರಾಕ್ಷಾರಸದ ಹಳೆಯ ಹಸಿರು ಬಾಟಲಿಯೊಂದನ್ನು ತಂದರು. ದಪ್ಪ ಗಾಜು, ಅಜ್ಜನ ಕಾಲದ್ದು. ಕುದಿಯುವ ನೀರಿನಲ್ಲಿ ತಾವೇ ತೊಳೆದು, ತಾವೇ ನೀರು ಸೇದಿ ತುಂಬಿ, ಬೆಂಡಿನ ಬಿರಡೆ ಒತ್ತಿ ಕೊಟ್ಟರು.

"ಬಾಯಿ, ಗಾಜಿನಲ್ಲಿ ಇಟ್ಟರೆ…" ಎಂದು ಹಿಲರಿ ಶುರು ಮಾಡಿದ.

"ಏನು?"

ಆ 'ಏನು' ಎಂಬುದನ್ನು ಚಿಕ್ಕಂದಿನಲ್ಲಿ ಕೇಳಿದ ಯಾರೂ ದೊಡ್ಡವರಾದ ಮೇಲೂ ಮರೆಯುವ ಹಾಗಿರಲಿಲ್ಲ. ಅವನು ಮಾತು ನುಂಗಿದ. "ಎಂತದೂ ಇಲ್ಲ ಬಾಯಿ" ಎಂದು ಬಾಟಲಿ ತೆಗೆದುಕೊಂಡು ಹೋದ.

ಕಾಲೇಜಿನಲ್ಲಿ ಪರೀಕ್ಷೆ ಬಂತು, ಆಮೇಲೆ ರಜೆ ಬಂತು. ಡಬ್ಬಿಗಳೂ ಆ ಒಂದು ಬಾಟಲಿಯೂ ಪ್ರಯೋಗಾಲಯದ ಪಡುವಣ ಕಿಟಕಿಯಲ್ಲಿ ಬೇಸಗೆಯ ಬಿಸಿಲನ್ನೆಲ್ಲ ತಿಂದವು. ಹಿಲರಿ ಕೆಲಸಕ್ಕೆ ಕುಳಿತಾಗ ಮತ್ತೆ ಮಳೆ ಹತ್ತಿರ ಬಂದಿತ್ತು. ನೀರನ್ನು ಜ್ವಾಲೆಗೆ ಸಿಂಪಡಿಸಿ, ಏಳುವ ಹಳದಿ ಬಣ್ಣದಿಂದ ಸೋಡಿಯಂ ಎಷ್ಟೆಂದು ಹೇಳುವ ಯಂತ್ರ ಅವನಲ್ಲಿತ್ತು. ಎಲ್ಲ ಬಾವಿಗಳಲ್ಲಿಯೂ ಸೋಡಿಯಂ ಸ್ವಲ್ಪವೇ ಇತ್ತು. ಲಸ್ರಾದೊ ಬಾವಿಯ ನೀರಿನಲ್ಲಿ ಮಾತ್ರ ಉಳಿದವುಗಳ ಮೂರು ಪಟ್ಟು ಕಂಡಿತು.

ಕ್ಲೋರೈಡನ್ನು ಅಳೆಯಲು ಬೆಳ್ಳಿಯ ದ್ರಾವಣ ಬೇಕು. ಅದು ಮುಗಿದಿತ್ತು, ಹೊಸದು ಬಂದಿರಲಿಲ್ಲ. ಚರ್ಚಿನ ಪಕ್ಕದ ಸಭೆಯ ಹಾಲಿನಲ್ಲಿ ಭಾನುವಾರ ಪೂಜೆಯ ನಂತರ ಫಲಿತಾಂಶ ಹೇಳುತ್ತೇನೆಂದು ಅವನು ಪಾದ್ರಿಗಳಿಗೆ ಮಾತು ಕೊಟ್ಟಾಗಿತ್ತು. ಸೋಡಿಯಂ ಇದ್ದ ಮೇಲೆ ಕ್ಲೋರೈಡ್ ಎಲ್ಲಿಗೆ ಹೋಗುತ್ತದೆ ಎಂದುಕೊಂಡ. ಅಳೆಯದೆಯೇ ಬರೆದುಕೊಂಡ: ಉಪ್ಪು.

ಆ ಭಾನುವಾರ ಬಾಯಿ ಒಳ್ಳೆಯ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಬೀದಿಯ ಎಲ್ಲ ಬಾವಿಗಳಲ್ಲಿ ತಮ್ಮದೇ ಉತ್ತಮ ಎಂದು ಹೇಳುತ್ತಾರೆ, ತಾವು ಎದ್ದು ವಂದಿಸಿದರೆ ಸಾಕೋ, ಎರಡು ಮಾತು ಆಡಬೇಕೋ ಎಂಬುದಷ್ಟೇ ಅವರ ಯೋಚನೆ. ಹಿಲರಿ ಮೈಕ್ ಹಿಡಿದು ಒಂದೊಂದೇ ಬಾವಿಯ ಹೆಸರು ಓದಿದ. ಲಸ್ರಾದೊ ಬಾವಿಯ ಹೆಸರು ಬಂದಾಗ ಗಂಟಲು ಸರಿಮಾಡಿಕೊಂಡ.

"ಈ ಒಂದು ಬಾವಿಗೆ ಉಪ್ಪು ಸೇರಿದೆ. ಕುಡಿಯುವ ಮೊದಲು ಯೋಚನೆ ಮಾಡುವುದು ಒಳ್ಳೆಯದು."

ಹಾಲಿನಲ್ಲಿ ಗುಸುಗುಸು ಎದ್ದಿತು. ಸಿಲಿನ್ ಎದ್ದು ನಿಂತಳು. "ಆ ಉಪ್ಪು ಎಲ್ಲಿಂದ ಬಂತು ಸರ್? ಕಡಲಿನದ್ದಾ?"

ಇಲ್ಲಿ ಹಿಲರಿ 'ಗೊತ್ತಿಲ್ಲ' ಎನ್ನಬಹುದಿತ್ತು. ಆದರೆ ಮೈಕ್ ಕೈಯಲ್ಲಿತ್ತು, ಊರಿಗೆ ಊರೇ ಅವನ ಮುಖ ನೋಡುತ್ತಿತ್ತು.

"ಕಡಲಿನದ್ದಾದರೆ ತಗ್ಗಿನ ಬಾವಿಗಳಿಗೆ ಮೊದಲು ಬರಬೇಕಿತ್ತು. ಇದು ಮೇಲಿನಿಂದ ಇಳಿದದ್ದು. ಮಾವಿನಕಾಯಿ, ಹಲಸಿನ ಸೊಳೆ ಉಪ್ಪಿಗೆ ಹಾಕಿಡುತ್ತಾರಲ್ಲ, ಆ ಭರಣಿ ತೊಳೆದ ನೀರು ಇರಬಹುದು."

ಇರಬಹುದು ಎಂದು ಅವನು ಹೇಳಿದ. ಹೌದು ಎಂದು ಊರು ಕೇಳಿಸಿಕೊಂಡಿತು.

"ಓಹೋ!" ಎಂದಳು ಸಿಲಿನ್. "ನಮ್ಮ ಬೂತಾಯಿಗೆ ಬೊಬ್ಬೆ, ಅವರ ಭರಣಿಗೆ ಬಾವಿ!"

ಸಭೆಗೆ ಸಭೆಯೇ ನಕ್ಕಿತು. ಬೇಸಗೆ ಬೇಸಗೆಯೂ ಆ ಗೇಟಿನಲ್ಲಿ ಕೊಡ ಹಿಡಿದು ನಿಂತವರೇ ನಕ್ಕರು. ಬಾಯಿ ಎದ್ದು ನಿಂತರು.

"ನಮ್ಮ ಭರಣಿಗಳನ್ನು ತೊಳೆಯುವುದು ಹಿತ್ತಲಿನ ಆಚೆ ತೋಡಿನಲ್ಲಿ. ನಮ್ಮ ಬಾವಿಯಲ್ಲಿ ಉಪ್ಪಿಲ್ಲ. ಇವತ್ತು ಬೆಳಿಗ್ಗೆಯೂ ಕುಡಿದು ಬಂದಿದ್ದೇನೆ."

"ನಾಲಗೆಗೆ ತಿಳಿಯುವುದಿಲ್ಲ ಬಾಯಿ" ಎಂದ ಹಿಲರಿ ಮೆಲ್ಲಗೆ. "ಯಂತ್ರಕ್ಕೆ ತಿಳಿಯುತ್ತದೆ."

ಯಂತ್ರಕ್ಕೆ ಎದುರಾಡುವ ವಿದ್ಯೆಯನ್ನು ಕಾನ್ವೆಂಟಿನ ಸಿಸ್ಟರುಗಳು ಬಾಯಿಗೆ ಕಲಿಸಿರಲಿಲ್ಲ. ಬೆನ್ನು ನೆಟ್ಟಗೆ ಇಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು.

ಆ ಮಳೆಗಾಲ ಕಳೆದು ಮತ್ತೆ ಬೇಸಗೆ ಬಂದಾಗ ಬೀದಿಗೆ ಟ್ಯಾಂಕರ್ ಬರತೊಡಗಿತು. ಅದರ ನೀರಿಗೆ ತುಕ್ಕಿನ ವಾಸನೆ. ಜನ ಬಟ್ಟೆ ಕಟ್ಟಿ ಸೋಸಿ ಕುಡಿದರು. ಲಸ್ರಾದೊ ಗೇಟಿಗೆ ಯಾರೂ ಬರಲಿಲ್ಲ.

ಅದೇ ಬೇಸಗೆಯಲ್ಲಿ ಸಿಲಿನಳ ಮಗಳು ಮೇಬಲ್‌ಳ ಮದುವೆ. ಮೇಬಲ್‌ಳ ಜ್ಞಾನಸ್ನಾನದ ದಿನ ಧರ್ಮತಾಯಿಯಾಗಿ ಆ ಮಗುವನ್ನು ಕೈಯಲ್ಲಿ ಹಿಡಿದು ನಿಂತವರು ಬಾಯಿಯೇ. ರೋಸ್‌ನ ಬೆಳಿಗ್ಗೆ ಅವರು ತಾಮ್ರದ ಎರಡು ಹಂಡೆಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ, ನೀರು ತುಂಬಿ, ಬಿಳಿ ಬಟ್ಟೆ ಮುಚ್ಚಿ ಗೇಟಿನ ಒಳಗೆ ಇಟ್ಟರು. ಎಷ್ಟೆಂದರೂ ರೂಢಿ ರೂಢಿಯೇ, ಸಿಲಿನ್ ಬರದಿದ್ದರೂ ಯಾರನ್ನಾದರೂ ಕಳಿಸುತ್ತಾಳೆ ಎಂದು ಜಗಲಿಯಲ್ಲಿ ಕುಳಿತರು. ಸಂಜೆಯಾಗುವಾಗ ಮೇಬಲ್ ತಾನೇ ಬೇಲಿಯ ಹತ್ತಿರ ಬಂದಳು.

"ಬಾಯಿ, ಬೇಸರ ಮಾಡ್ಬೇಡಿ. ಅಮ್ಮ ಬೇಡ ಅಂದ್ರು. ಮೈಗೆ ಉಪ್ಪು ನೀರು ಆಗುದಿಲ್ಲ ಅಂತ."

"ನೀನು ಹುಟ್ಟಿದಾಗ ಮೀಯಿಸಿದ್ದೂ ಈ ನೀರಿನಲ್ಲೇ ಮಗಾ."

"ಗೊತ್ತುಂಟು ಬಾಯಿ. ಆದ್ರೆ ಪ್ರೊಫೆಸರು ಹೇಳಿದ್ದಲ್ವಾ…"

ಬೀದಿಯ ತಿರುವಿನಲ್ಲಿ ಟ್ಯಾಂಕರಿನ ಹಾರ್ನ್ ಕೇಳಿಸಿತು. ಹುಡುಗಿ ಓಡಿದಳು. ಬಾಯಿ ಹಂಡೆಗಳ ನೀರನ್ನು ತೆಂಗಿನ ಬುಡಕ್ಕೆ ಸುರಿದರು. ಮರುದಿನದಿಂದ ತಾವೂ ಒಂದು ಕೊಡಕ್ಕಿಂತ ಹೆಚ್ಚು ಸೇದಲಿಲ್ಲ. ಬೀದಿಗೆ ಬೀದಿಯೇ ಸೇದುತ್ತಿದ್ದ ಬಾವಿ ಅದು. ಈಗ ನೀರು ನಿಂತಿತು. ಎಲೆ ಬಿದ್ದು ಕೊಳೆಯಿತು, ಪಾಚಿ ಕಟ್ಟಿತು. ಕೊನೆಗೆ ನೀರಿಗೆ ವಾಸನೆ ಹಿಡಿಯಿತು. ಬೇಲಿಯಾಚೆಯಿಂದ ಮೂಗು ಮುಚ್ಚಿಕೊಂಡವರು ಹೇಳಿದರು: "ನೋಡಿದ್ರಾ, ಪ್ರೊಫೆಸರು ಹೇಳಿದ್ದು ಸುಳ್ಳಾ?"

ಇತ್ತ ಹಿಲರಿಗೆ ಬೆಳ್ಳಿಯ ದ್ರಾವಣ ಬಂದಿತ್ತು. ಉಳಿದಿದ್ದ ನೀರಿನಲ್ಲಿ ಕ್ಲೋರೈಡನ್ನು ಅಳೆದ. ಲಸ್ರಾದೊ ಬಾವಿಯ ನೀರಿನಲ್ಲಿಯೂ ಅದು ಉಳಿದ ಬಾವಿಗಳಲ್ಲಿ ಇದ್ದಷ್ಟೇ ಇತ್ತು. ಹೆಚ್ಚಿದ್ದದ್ದು ಸೋಡಿಯಂ ಒಂದೇ. ಒಂದೇ ಹೆಚ್ಚಿದ್ದರೆ ಅದು ಉಪ್ಪಲ್ಲ. ಅವನು ಆ ಹಸಿರು ಬಾಟಲಿಯನ್ನು ಖಾಲಿ ಮಾಡಿ, ತೊಳೆದು, ಏನೂ ಬೆರೆಯದ ಶುದ್ಧ ನೀರು ತುಂಬಿ ಅದೇ ಕಿಟಕಿಯಲ್ಲಿ ಇಟ್ಟ. ಕೆಲವು ವಾರಗಳಲ್ಲಿ ಆ ಶುದ್ಧ ನೀರಿನಲ್ಲಿಯೂ ಸೋಡಿಯಂ ಬಂದಿತ್ತು. ಗಾಜನ್ನು ಮಾಡುವಾಗ ಸೋಡಿಯಂ ಇರುವ ಸೋಡಾ ಪುಡಿ ಸೇರಿಸುತ್ತಾರೆ. ನೀರು ಬಹಳ ದಿನ ನಿಂತರೆ ಗಾಜು ಆ ಸೋಡಿಯಂ ಅನ್ನು ನೀರಿಗೆ ಬಿಡುತ್ತದೆ. ಇದು ಅವನು ಓದಿದ್ದ ಪಾಠವೇ. ಹಳೆಯ ಬಾಟಲಿಗಳು ಕರಾವಳಿಯ ಸೆಕೆಯಲ್ಲಿ ಎಷ್ಟು ಬೇಗ ಬಿಡುತ್ತವೆ ಎಂಬುದನ್ನು ಅವನು ಹೊಸದಾಗಿ ಅಳೆದು ಪ್ರಬಂಧ ಬರೆದ. ಪ್ರಬಂಧ ಅಚ್ಚಾಯಿತು. ದೂರದ ಸಮ್ಮೇಳನದಲ್ಲಿ ಶಾಲು ಹೊದಿಸಿದರು.

ಒಂದು ಸಂಜೆ ಅವನು ಸಿಹಿಯ ಪೊಟ್ಟಣ ಹಿಡಿದು ಲಸ್ರಾದೊ ಮನೆಗೆ ಬಂದ. ಮುಖ ಅರಳಿತ್ತು.

"ಬಾಯಿ, ಖುಷಿಯ ಸುದ್ದಿ! ನಿಮ್ಮ ಬಾವಿಯಲ್ಲಿ ಉಪ್ಪು ಇರಲೇ ಇಲ್ಲ. ಸೋಡಿಯಂ ಬಂದದ್ದು ಬಾಟಲಿಯಿಂದ. ನಿಮ್ಮ ಬಾಟಲಿಯಿಂದ ದೊಡ್ಡ ಕೆಲಸ ಆಯಿತು. ಅಂಥದ್ದು ಇನ್ನೆರಡು ಇದ್ದರೆ ಕೊಡಿ, ಮುಂದಿನ ಪ್ರಯೋಗಕ್ಕೆ ಬೇಕಿತ್ತು."

ಬಾಯಿ ಪೊಟ್ಟಣವನ್ನು ಮುಟ್ಟಲಿಲ್ಲ. ಕನ್ನಡಕ ಹಾಕಿಕೊಂಡು ಆ ಪ್ರಬಂಧವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೋಡಿದರು. ಇಂಗ್ಲಿಷ್ ಅವರಿಗೆ ಚೆನ್ನಾಗಿ ಬರುತ್ತಿತ್ತು.

"ಇದರಲ್ಲಿ ನಮ್ಮ ಬಾವಿಯ ಹೆಸರು ಎಲ್ಲಿದೆ?"

"ಹಾಗೆ ಹೆಸರು ಹಾಕುವ ಕ್ರಮ ಇಲ್ಲ ಬಾಯಿ. ಮಾದರಿ ಏಳು ಅಂತ ಉಂಟಲ್ಲ, ಅದೇ ನಿಮ್ಮದು."

"ಚರ್ಚಿನ ಹಾಲಿನಲ್ಲಿ ಹೆಸರು ಹಾಕಿದಿರಲ್ಲ?"

ಹುಟ್ಟಿದಾಗಿನಿಂದ ಅವನನ್ನು ನೀನು ಎಂದೇ ಕರೆದವರು ಅವರು. ಅಂದು ಮೊದಲ ಸಲ ನೀವು ಎಂದರು. ಹಿಲರಿಯ ನಗು ನಿಂತಿತು.

"ವಿಜ್ಞಾನದಲ್ಲಿ ತಪ್ಪುಗಳು ಆಗುತ್ತವೆ ಬಾಯಿ. ಅದು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ."

"ವಿಜ್ಞಾನ ತಿದ್ದಿಕೊಂಡಿತು. ಸಂತೋಷ. ಬಾಟಲಿ ಕೊಟ್ಟದ್ದು ನಾನು. ನೀವು ಏನೋ ಹೇಳಲು ಹೊರಟಾಗ ಮಾತು ನಿಲ್ಲಿಸಿದ್ದೂ ನಾನು. ಅದು ನನ್ನ ತಪ್ಪು. ಅದಕ್ಕೆ ನಿಮ್ಮ ಕ್ಷಮೆ ಕೇಳುತ್ತೇನೆ. ಆದರೆ ಭರಣಿಯ ಕತೆ ಹೇಳಿದ್ದು ನೀವು. ಅದನ್ನು ಅಳೆದು ಹೇಳಿದಿರಾ?"

ಹಿಲರಿ ಪೊಟ್ಟಣದ ದಾರವನ್ನು ಬೆರಳಿಗೆ ಸುತ್ತಿಕೊಂಡ. "ಇರಬಹುದು ಅಂತಷ್ಟೇ ಹೇಳಿದ್ದು…"

"ಬರುವ ಭಾನುವಾರ ಬನ್ನಿ. ಅದೇ ಹಾಲು, ಅದೇ ಮೈಕ್. ಲಸ್ರಾದೊ ಬಾವಿಯಲ್ಲಿ ಉಪ್ಪಿರಲಿಲ್ಲ, ಭರಣಿಯ ಮಾತು ನಾನು ಕಟ್ಟಿದ್ದು ಎಂದು ಹೇಳಿ."

"ಅಷ್ಟೆಲ್ಲ ಯಾಕೆ ಬಾಯಿ? ಜನರಿಗೆ ಈಗ ಟ್ಯಾಂಕರ್ ಅಭ್ಯಾಸ ಆಗಿದೆ. ಅದನ್ನೆಲ್ಲ ಯಾರು ನೆನಪಿಟ್ಟಿದ್ದಾರೆ? ನನ್ನ ಹೆಸರಿನ ಪ್ರಶ್ನೆಯೂ ಉಂಟಲ್ಲ. ನಾಲ್ಕು ಜನರಿಗೆ ನಾನೇ ಸಿಕ್ಕಿದಲ್ಲಿ ಹೇಳುತ್ತೇನೆ."

"ನಿಮ್ಮ ಹೆಸರಿನ ಪ್ರಶ್ನೆ" ಎಂದರು ಬಾಯಿ. ಪ್ರಬಂಧವನ್ನು ಮಡಚದೆ, ಮುದುಡದೆ ಅವನ ಕೈಗೆ ಹಿಂದಿರುಗಿಸಿದರು. ಸಿಹಿಯ ಪೊಟ್ಟಣವನ್ನೂ ಅವನ ಮುಂದೆ ಸರಿಸಿದರು. ಗೇಟಿನವರೆಗೆ ಬಂದು ಕಳಿಸಿಕೊಟ್ಟರು, ಏಕೆಂದರೆ ಮನೆಗೆ ಬಂದವರನ್ನು ಹಾಗೆ ಕಳಿಸುವುದು ಆ ಮನೆಯ ಪದ್ಧತಿ.

ಭಾನುವಾರ ಬಾಯಿ ಒಳ್ಳೆಯ ಸೀರೆ ಉಟ್ಟು ಚರ್ಚಿನ ಮುಂದಿನ ಸಾಲಿನಲ್ಲಿ ಕುಳಿತರು. ಪೂಜೆ ಮುಗಿಯಿತು. ಹಾಲಿನ ಬಾಗಿಲು ತೆರೆಯಲೇ ಇಲ್ಲ. ಹಿಲರಿ ಹಿಂದಿನ ಬಾಗಿಲಿನಿಂದ ಹೊರಟುಹೋಗಿದ್ದ.

ನೀತಿ: ಮಕ್ಕಳೇ, ಅಳೆಯದೆ ಮಾತನಾಡಬಾರದು. ಮಾತನಾಡಿ ತಪ್ಪಿದರೆ, ಲೆಕ್ಕವನ್ನು ತಿದ್ದಿದ ಮಾತ್ರಕ್ಕೆ ಮುಗಿಯಿತು ಎಂದುಕೊಳ್ಳಬಾರದು. ಲೆಕ್ಕ ತಿದ್ದುವುದು ವಿದ್ಯೆಯ ಕೆಲಸ, ಕ್ಷಮೆ ಕೇಳುವುದು ಮನುಷ್ಯನ ಕೆಲಸ. ಊರಿನ ಎದುರು ಒಂದು ಮನೆಯ ಹೆಸರು ಕೆಡಿಸಿದವರು, ಆ ಮನೆಯ ಜಗಲಿಯಲ್ಲಿ ಕುಳಿತು ಸಿಹಿ ಹಂಚಿದರೆ ಆಗುವುದಿಲ್ಲ. ಎಲ್ಲಿ ಹೇಳಿದರೋ ಅಲ್ಲಿಯೇ ನಿಂತು, ಹೇಳಿದಷ್ಟೇ ಗಟ್ಟಿಯಾಗಿ, ಹೆಸರು ಹಿಡಿದು ಕ್ಷಮೆ ಕೇಳಬೇಕು. ಆ ಕ್ಷಮೆ ಇನ್ನೂ ಬಂದಿಲ್ಲ. ಬರಬೇಕು.