ನಸುಕಿಗೆ ಮುಗಿಯುತ್ತಿದ್ದ ಕೆಲಸ

ತುಂಗಭದ್ರೆಯ ದಂಡೆಯ ಆಶ್ರಮಕ್ಕೆ ಬಸಲಿಂಗವ್ವ ಒಂದು ಹಳೆಯ ಕ್ಯಾಸೆಟ್ ಹಿಡಿದು ಬಂದಳು. ತೀರಿಹೋದ ಅಕ್ಕ ಹಾಡಿದ ಪದಗಳು ಅದರಲ್ಲಿದ್ದವು. ಕೇಳಿಸುತ್ತಿದ್ದದ್ದು ಮಾತ್ರ ಬರೀ ಗೊರಗೊರ.

ಶಿಷ್ಯ ಚೆನ್ನವೀರ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡ. ಗೊರಗೊರ ತೆಗೆದು ದನಿ ಉಳಿಸುವ ಭಾರವೆಲ್ಲ ಅದರೊಳಗಿನ ಗ್ರಾಫಿಕ್ಸ್ ಕಾರ್ಡಿನದು. ಆ ಕಾರ್ಡಿಗೆ ಕರೆಂಟಿನ ಹಸಿವು ಜಾಸ್ತಿ. ಆಶ್ರಮದಲ್ಲಿದ್ದದ್ದು ಸೋಲಾರ್ ಬ್ಯಾಟರಿ.

“ಕಾರ್ಡ್ ಎಳಿಯೋ ಕರೆಂಟಿಗೆ ಮಿತಿ ಹಾಕಿದ್ರ ಬ್ಯಾಟರಿ ಸಾಲ್ತದ, ಗುರುಗಳೇ. ಆದ್ರ ಕೆಲಸ ಮುಗಿಯೂದು ನಸುಕಿಗೆ. ವೋಲ್ಟೇಜ್ ಇಳಿಸಿದ್ರ ವೇಗಾನೂ ಉಳೀತದ, ಸಂಜಿಗೇ ಮುಗೀತದ.”

“ಎಷ್ಟು ಇಳಿಸ್ತಿ?”

“ನನ್ನ ಗೆಳೆಯನ ಹತ್ರ ಇಂಥದ ಕಾರ್ಡ್ ಅದ. ತನ್ನ ಅಂಕಿ ಹೇಳ್ಯಾನ.”

“ಸ್ವಲ್ಪ ಸ್ವಲ್ಪ ಇಳಿಸು. ಇಳಿಸಿದಾಗೊಮ್ಮೆ ಓಡಿಸಿ ನೋಡು,” ಎಂದರು ಗುರುಗಳು.

ಬಸಲಿಂಗವ್ವ ಜಗಲಿಯಿಂದಲೇ ಹೇಳಿದಳು: “ಅವಸರಿಲ್ಲ ತಮ್ಮಾ. ನಾಳಿ ಮುಂಜಾನಿ ದೋಣಿ ಹತ್ತೂದ್ರಾಗ ಕೇಳಿಸಿದ್ರ ಸಾಕು.”

ಆದರೆ ಸಂಜೆಯ ಪ್ರಾರ್ಥನೆಗೆ ಎಲ್ಲರೂ ಸೇರುತ್ತಾರೆ. ಅವರೆಲ್ಲರ ಮುಂದೆ ಕೇಳಿಸಿ ಭೇಷ್ ಅನ್ನಿಸಿಕೊಳ್ಳುವ ಆಸೆ ಚೆನ್ನವೀರನಿಗೆ. ಗೆಳೆಯನ ಅಂಕಿಯನ್ನೇ ಒಮ್ಮೆಲೇ ಹಾಕಿಬಿಟ್ಟ.

ಕೆಲಸ ಅರ್ಧ ಆಗುವಷ್ಟರಲ್ಲಿ, ಅಷ್ಟು ಕಡಿಮೆ ವೋಲ್ಟೇಜಿಗೆ ಕಾರ್ಡು ತಾಳದೆ, ಪರದೆ ಕಪ್ಪಾಯಿತು. ಮತ್ತೆ ಹಚ್ಚಿದ, ಮತ್ತೆ ನಿಂತಿತು. ಹಟ ಹಿಡಿದು ಹಚ್ಚುತ್ತಲೇ ಹೋದ. ಕೊನೆಗೆ ಬ್ಯಾಟರಿಯೇ ಬರಿದಾಯಿತು.

ಮುಂಜಾನೆ ದೋಣಿಗೆ ಹೊರಟ ಬಸಲಿಂಗವ್ವ ಅವನ ತಲೆ ನೇವರಿಸಿದಳು. “ಇರಲಿ ಬಿಡಪ್ಪಾ. ಮತ್ತ ಬರ್ತೀನಿ.”

ಆಕೆ ಬರಲಿಲ್ಲ. ಆಕೆ ತೀರಿಕೊಂಡ ಸುದ್ದಿ ಬಂತು.

ಚೆನ್ನವೀರ ಅತ್ತ. ಆಮೇಲೆ ಕೂತು, ಸ್ವಲ್ಪ ಸ್ವಲ್ಪವೇ ವೋಲ್ಟೇಜ್ ಇಳಿಸುತ್ತ, ಇಳಿಸಿದಾಗೊಮ್ಮೆ ಓಡಿಸಿ ನೋಡುತ್ತ ಬಂದ. ಗೆಳೆಯನ ಅಂಕಿಯಷ್ಟು ಕೆಳಗೆ ಅವನ ಕಾರ್ಡು ಇಳಿಯಲೇ ಇಲ್ಲ. ಅದು ತಾಳುವಷ್ಟಕ್ಕೆ ನಿಲ್ಲಿಸಿದ. ಆ ಸಂಜೆಗೇ ದನಿ ತಿಳಿಯಾಗಿ ಬಂತು.

ಪದದ ನಡುವೆ ಅಕ್ಕ ಹಾಡು ನಿಲ್ಲಿಸಿ ನಕ್ಕಿದ್ದಳು. “ಬಸೀ, ಸುಮ್ನ ಯಾಕ ಕುಂತಿ? ನೀನೂ ದನಿಗೂಡಿಸು.”

ಈ ಮಾತು ಕ್ಯಾಸೆಟ್ಟಿನಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ಚೆನ್ನವೀರ ಹಾಡು ನಿಲ್ಲಿಸಿದ. “ಒಂದೇ ನಮೂನಿ ಕಾರ್ಡ್ ಆದ್ರೂ ಒಂದೊಂದರ ತಾಳಿಕಿ ಒಂದೊಂದು. ಇದು ನನಗ ಮೊದಲ ಗೊತ್ತಿತ್ತು, ಗುರುಗಳೇ.”

“ಗೊತ್ತಿದ್ದೂ ಯಾಕ ಹಂಗ ಮಾಡಿದಿ?”

“ಅವ್ವನ್ನ ಕಾಯಿಸಬಾರದು ಅಂತ…”

ಬಸಲಿಂಗವ್ವ ಕೂತಿದ್ದ ಚಾಪೆ ಜಗಲಿಯ ಮೂಲೆಯಲ್ಲಿ ಸುತ್ತಿಟ್ಟಂತೆಯೇ ಇತ್ತು. ಗುರುಗಳು ಅದನ್ನು ತಂದು, ಬಿಡಿಸಿ, ಕಂಪ್ಯೂಟರಿನ ಮುಂದೆ ಹಾಸಿದರು.

“ಆಕಿ ಕಾಯಾಕ ಒಪ್ಪಿದ್ಲಲ್ಲೋ, ಚೆನ್ನವೀರ.”