ತಿಪ್ಪೇಶ ಚಕ್ರದ ಬೆಡಗು ಕೇಳಿದ್ದು

ಅಂಗಡಿಯವನು ತನ್ನ ಹೆಸರು ಹೊಡೆದು ಮಾರುವ ಅಗ್ಗದ ಕಾರು ಚಕ್ರ ಒಡೆಯುತ್ತದೆ, ಕಂಪನಿ ಚಕ್ರ ಒಡೆಯುವುದಿಲ್ಲ. ಹಿರಿಯೂರಿನಲ್ಲಿ ಆಗ ಎಲ್ಲರೂ ಹೀಗೇ ನಂಬಿದ್ದರು. ಒಡೆದದ್ದನ್ನು ಕಂಡವರು ಯಾರೂ ಇರಲಿಲ್ಲ. ಕಂಡವರನ್ನು ಕಂಡವರು ಬೇಕಾದಷ್ಟು ಜನ ಇದ್ದರು.

ಆ ಊರಲ್ಲಿ ಓಬಮ್ಮ ಅಂತ ಒಬ್ಬಳಿದ್ದಳು. ಗಂಡ ಬಿಟ್ಟುಹೋದ ಹಳೇ ಕಾರಿನಲ್ಲಿ ಊರವರ ಐದು ಮಕ್ಕಳನ್ನು ಶಾಲೆಗೆ ಬಿಟ್ಟು ಜೀವನ ಮಾಡುತ್ತಿದ್ದಳು. ಅವಳ ಮಗ ತಿಪ್ಪೇಶ. ವಯಸ್ಸು ಇಪ್ಪತ್ತೈದು. ಚಕ್ರ ಬಿಚ್ಚುವುದೊಂದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಓಬಮ್ಮನ ದುಃಖವೇ ಅದು.

ಒಂದು ದಿನ ಕಾರು ಗುಂಡಿಗೆ ಬಿತ್ತು. ಮುಂದಿನ ಚಕ್ರ ಸೊಟ್ಟಗಾಯಿತು, ಓಬಮ್ಮನ ಕಾಲು ಉಳುಕಿತು. ಸೊಟ್ಟಗಾದದ್ದು ಕಂಪನಿ ಚಕ್ರವೇ. ಊರವರು ಗುಂಡಿಯನ್ನು ಬೈದರು.

ಶಾಲೆಯ ಹೆಡ್ ಮೇಡಮ್ ಹೇಳಿ ಕಳಿಸಿದರು: "ಸೋಮವಾರ ಕಾರು ಬರದಿದ್ರೆ ಮಕ್ಕಳನ್ನ ಆಟೋಗೆ ಹತ್ತಿಸ್ತೀವಿ. ಆಮೇಲೆ ನೀವು ಬರೋದೇ ಬೇಡ."

ಕಂಪನಿ ಚಕ್ರ ಕೊಳ್ಳುವ ಶಕ್ತಿ ಓಬಮ್ಮನಿಗಿರಲಿಲ್ಲ. ಬಸಣ್ಣನ ಅಂಗಡಿಯಲ್ಲಿ ಮುಖದ ಮೇಲೆ 'ಬಸಣ್ಣ' ಅಂತಲೇ ಹೆಸರು ಹೊಡೆದ ಚಕ್ರ ಅರ್ಧ ಬೆಲೆಗೆ ಇತ್ತು.

ಓಬಮ್ಮ ಮಗನಿಗೆ ಹೇಳಿದಳು: "ಪರೀಕ್ಷೆ ಮಾಡದೆ ತರಬೇಡ ಕಣೋ! ಐದು ಮಕ್ಕಳ ಜೀವ ಅದರ ಮೇಲಿರುತ್ತೆ."

"ಹೆಂಗಮ್ಮ ಪರೀಕ್ಷೆ ಮಾಡೋದು?"

"ದಿನಾ ಮೊಟ್ಟೆ ಪರೀಕ್ಷೆ ಮಾಡ್ತೀನಲ್ಲ, ನೋಡಿಲ್ವಾ? ಹಂಗೆ, ಮನಸ್ಸಿಟ್ಟು!"

ತಿಪ್ಪೇಶ ಹೋದ. ಬಸಣ್ಣ ಟೈರಿಲ್ಲದ ಒಂದು ಚಕ್ರ ಕೈಗೆ ಕೊಟ್ಟು, "ತಗೊಂಡ್ಹೋಗಿ ಅದೇನು ನೋಡ್ತೀಯೋ ನೋಡಪ್ಪ" ಅಂದ. ಸಂಜೆಗೆ ತಿಪ್ಪೇಶ ಬರಿಗೈಯಲ್ಲಿ ಕುಣಿಯುತ್ತ ಮನೆಗೆ ಬಂದ.

"ಒಳ್ಳೇದು ಕಣಮ್ಮ! ತೇಲಲಿಲ್ಲ! ತಳ ಸೇರ್ತು!"

"ಎಲ್ಲೋ ಅದು?"

"ಬಾವೀಲಿ."

ಓಬಮ್ಮ ಹಣೆ ಚಚ್ಚಿಕೊಂಡಳು. ಪಕ್ಕದ ಮನೆಯವರು ಬಾವಿಗೆ ಕೊಕ್ಕೆಗಳ ಪಾತಾಳಗರಡಿ ಬಿಟ್ಟು, ಎರಡು ಕೊಡ ಒಂದು ಚೆಂಬು ಎತ್ತಿದ ಮೇಲೆ ಚಕ್ರ ಎತ್ತಿದರು.

ಓಬಮ್ಮ ಬೈದಳು: "ಅಯ್ಯೋ ಪೆದ್ದೇ! ನೀರಿಗೆ ಹಾಕೋದು ಮೊಟ್ಟೆನ. ಇಂಥದ್ದನ್ನ ಮಡಕೆ ತಟ್ಟಿದಂಗೆ ತಟ್ಟಿ ನೋಡ್ಬೇಕು. ಠಣ್ ಅಂದ್ರೆ ಗಟ್ಟಿ, ಬೊದ್ ಅಂದ್ರೆ ಬಿರುಕು. ಇದನ್ನ ವಾಪಸ್ ಕೊಟ್ಟು, ಅಂಗಡೀಲಿರೋದನ್ನೆಲ್ಲ ತಟ್ಟಿ ನೋಡು!"

ಮಾರನೇ ದಿನ ತಿಪ್ಪೇಶ ತಟ್ಟಿದ. ಬಸಣ್ಣನ ಚಕ್ರ ಠಣ್ ಅಂತು. ಕಂಪನಿ ಚಕ್ರ ಠಣ್ ಅಂತು. ಮತ್ತೆ ಇದನ್ನು ತಟ್ಟಿದ, ಠಣ್. ಮತ್ತೆ ಅದನ್ನು ತಟ್ಟಿದ, ಠಣ್. ತಿಪ್ಪೇಶನಿಗೆ ಗೊಂದಲವಾಯಿತು. ಎರಡೂ ಠಣ್ ಅಂದರೆ ಏನು ಮಾಡಬೇಕು ಅಂತ ಅಮ್ಮ ಹೇಳಿರಲಿಲ್ಲ. ಅಂಗಡಿಯಲ್ಲಿ ಇನ್ನೇನು ಉಳಿದಿದೆ ಅಂತ ನೋಡಿದ. ಬಸಣ್ಣನ ಬೋಳುತಲೆ ಉಳಿದಿತ್ತು.

"ಅಮ್ಮ, ಚಕ್ರ ಎಲ್ಲಾ ಗಟ್ಟಿ. ಬಸಣ್ಣನೇ ಬೊದ್ ಅಂದ. ಬಿರುಕು ಬಿಟ್ಟಿದಾನೆ."

"ಥೂ ನಿನ್ನ! ಮನುಷ್ಯರನ್ನ ತಟ್ತಾರೇನೋ? ಕೂತು ವಿಚಾರಿಸ್ತಾರೆ! ನಿಮ್ಮಕ್ಕಂಗೆ ಗಂಡು ನೋಡೋಕೆ ಹೋದಾಗ ಏನ್ ಮಾಡಿದ್ವಿ? ಊರು ಯಾವುದು, ಕುಲದ ಬೆಡಗು ಯಾವುದು ಅಂತ ಕೇಳಿದ್ವಿ. ಅವರದೂ ನಮ್ಮದೂ ಒಂದೇ ಬೆಡಗು ಅಂತ ಗೊತ್ತಾಯ್ತು. ಒಂದೇ ಬೆಡಗು ಅಂದ್ರೆ ಒಡಹುಟ್ಟಿದವರಿದ್ದಂಗೆ, ಸಂಬಂಧ ಕೂಡಲ್ಲ. ಕೈಮುಗಿದು ಎದ್ದು ಬಂದ್ವಿ. ಹಂಗೆ ಮರ್ಯಾದೆಯಿಂದ ಹೋಗಿ ಬಾ!"

ಭಾನುವಾರ ತಿಪ್ಪೇಶ ಮತ್ತೆ ಹೋದ. ಬಸಣ್ಣ ಟವೆಲ್ ತಲೆಗೆ ಸುತ್ತಿಕೊಂಡು ದೂರ ನಿಂತ. ತಿಪ್ಪೇಶ ಚಕ್ರದ ಮುಂದೆ ಚಕ್ಕಂಬಕ್ಕಲ ಹಾಕಿ ಕೂತ.

"ನಿಮ್ಮೂರು ಯಾವುದು?"

ಚಕ್ರ ಮಾತಾಡಲಿಲ್ಲ.

"ಹೋಗ್ಲಿ, ಬೆಡಗು?"

ಅದಕ್ಕೂ ಮಾತಿಲ್ಲ. ಮೂರು ಸಲ ಕೇಳಿದ. ಬಸಣ್ಣನಿಗೇ ತಡೆಯದಾಯಿತು. "ಅದು ಹೇಳಲ್ಲ ಮಾರಾಯ! ಹುಟ್ಟಿದ ಕಡೆ ಏನಿದ್ರೂ ಬೆನ್ನ ಮೇಲೆ ಹೊಡ್ದಿರ್ತಾರೆ, ತಿರುಗಿಸಿ ನೋಡ್ಕೊ!"

ತಿಪ್ಪೇಶ ತಿರುಗಿಸಿ ನೋಡಿದ. ತಟ್ಟನೆ ಎದ್ದ. ಚಕ್ರಕ್ಕೆ ಕೈಮುಗಿದು ಬಂದುಬಿಟ್ಟ.

"ಎಲ್ಲೋ ಚಕ್ರ?"

"ಸಂಬಂಧ ಕೂಡಲ್ಲ ಕಣಮ್ಮ. ನಮ್ಮ ಕಾರಿನ ಚಕ್ರಗಳದೂ ಅದರದೂ ಒಂದೇ ಬೆಡಗು."

"ಚಕ್ರಕ್ಕೆ ಬೆಡಗೇನೋ! ನನ್ನ ಹೊಟ್ಟೇಲಿ ಯಾಕಾದ್ರೂ ಹುಟ್ಟಿದೆಯೋ! ಇನ್ಮೇಲೆ ಬಾಯಲ್ಲಿ ಏನೂ ಹೇಳ್ಬೇಡ. ಏನಿದ್ರೂ ಕಣ್ಣಿಗೆ ತೋರಿಸು!"

ಬೇರೆ ದಾರಿ ಇರಲಿಲ್ಲ. ಓಬಮ್ಮ ಕುಂಟುತ್ತ ತಾನೇ ಹೋಗಿ ಬಸಣ್ಣನ ಚಕ್ರ ತಂದು ಹಾಕಿಸಿದಳು. ಕೇರಿಯವರು ಸುತ್ತ ನಿಂತು ತಲೆಯಾಡಿಸಿದರು. "ಓಬವ್ವ, ಮಕ್ಕಳನ್ನ ಕೂರಿಸ್ತೀಯಲ್ಲ, ಎದೆ ಗಟ್ಟಿ ಕಣೆ ನಿಂದು. ಸೇತುವೆ ದಾಟೋವರೆಗೂ ಬರಲ್ಲ ಅದು." ಓಬಮ್ಮನಿಗೂ ಹಾಗೇ ಅನ್ನಿಸುತ್ತಿತ್ತು.

ಸೋಮವಾರ ಬೆಳಿಗ್ಗೆ ಐದು ಮಕ್ಕಳೂ ಬ್ಯಾಗು ಹಾಕಿಕೊಂಡು ಬಂದರು. ಚಕ್ರ ಒಡೆಯುವುದನ್ನು ನೋಡಲು ಕೇರಿಯೂ ಬಂತು. ಓಬಮ್ಮ ಕಾರಿನ ಕೀ ಹಿಡಿದು ಹೊರಗೆ ಬಂದವಳು ಕಿರುಚಿದಳು.

ಕಾರು ನಾಲ್ಕು ಕಲ್ಲಿನ ಮೇಲೆ ಕೂತಿತ್ತು. ನಾಲ್ಕು ಚಕ್ರವನ್ನೂ ಬಿಚ್ಚಿ, ಮುಖ ಕೆಳಗೆ ಬೆನ್ನು ಮೇಲೆ ಮಾಡಿ, ಒಂದೇ ಸಾಲಿನಲ್ಲಿ ಮಲಗಿಸಿ, ತಿಪ್ಪೇಶ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

"ಏನೋ ಇದು!"

ತಿಪ್ಪೇಶ ಬಾಯಿ ಬಿಡಲಿಲ್ಲ. ಬೆರಳು ಮಾಡಿ ತೋರಿಸಿದ.

"ಇದರಲ್ಲಿ ಬಸಣ್ಣನದು ಯಾವುದೋ?" ಅಂತ ಯಾರೋ ಕೇಳಿದರು. ಕೇರಿಯೆಲ್ಲ ಬಗ್ಗಿತು. ಒಬ್ಬರು ಮೊದಲನೆಯದು ಅಂದರು, ಒಬ್ಬರು ಮೂರನೆಯದು ಅಂದರು. ಓಬಮ್ಮನೂ ಬಗ್ಗಿ ನೋಡಿದಳು. ಅವಳಿಗೂ ಗೊತ್ತಾಗಲಿಲ್ಲ. ಹೊತ್ತಾಗಿತ್ತು. ಎಲ್ಲರೂ ಕೈಹಾಕಿ ಸಿಕ್ಕಿದ ಚಕ್ರವನ್ನು ಸಿಕ್ಕಿದ ಕಡೆ ಜೋಡಿಸಿದರು. ಕಾರು ಗಂಟೆ ಹೊಡೆಯುವ ಮುಂಚೆ ಶಾಲೆಯ ಗೇಟು ಮುಟ್ಟಿತು.

ನಾಲ್ಕು ಚಕ್ರದ ಬೆನ್ನಿನ ಮೇಲೂ ಇದ್ದದ್ದು ಒಂದೇ ಕಾರ್ಖಾನೆಯ ಮುದ್ರೆ.