ರಾಚನ ಎದೆಬಡಿತ

ಗರಡಿಯ ಮಣ್ಣಿನಲ್ಲಿ ರಾಚನನ್ನು ಕದಲಿಸುವವರು ಇರಲಿಲ್ಲ. ಆದರೆ ಹೊರಗಿನ ಕುಸ್ತಿಗೆ ಹೋದಾಗ ಎರಡು ಸಲವೂ ಅಖಾಡದ ಅಂಚಿನಿಂದಲೇ ತಿರುಗಿ ಬಂದಿದ್ದ.

ಮೂರನೆಯ ಕುಸ್ತಿಗೆ ಹತ್ತು ದಿನ ಉಳಿದಿತ್ತು. ಈ ಸಲವೂ ಹಿಂದೆ ಸರಿದರೆ ಮುಂದೆ ಯಾರೂ ಅವನಿಗೆ ಜೋಡಿ ಕಟ್ಟುವುದಿಲ್ಲ.

ಅವನು ಗುರು ಹೊನ್ನಯ್ಯ ವಸ್ತಾದರ ಮುಂದೆ ಬಂದು ನಿಂತ.

"ವಸ್ತಾದ್ರೇ, ಕುಸ್ತಿ ಅಂದ್ರೆ ಸಾಕು, ನನ್ನ ಎದೆ ಡವಡವ ಅಂತದೆ. ನಾನು ಪುಕ್ಕಲ. ಈ ಎದೇನ ಸುಮ್ನಿರಿಸೋ ವಿದ್ಯೆ ಹೇಳ್ಕೊಡಿ."

ವಸ್ತಾದರು ಮಣ್ಣು ಹದ ಮಾಡುತ್ತಿದ್ದರು. ತಲೆ ಎತ್ತಲಿಲ್ಲ.

"ಸುಮ್ನಿರೋ ಎದೆ ಸುಡುಗಾಡಲ್ಲಿ ಸಿಗ್ತದೆ. ಬೇಕಾ?"

ರಾಚನಿಗೆ ಆ ಮಾತು ಹಿಡಿಸಲಿಲ್ಲ. ಸಂತೆಗೆ ಹೋಗಿ, ಬೇರು ನಾರು ಮಾರುವವನ ಹತ್ತಿರ ಎದೆಬಡಿತ ಇಳಿಸುವ ಒಂದು ಕಷಾಯದ ಪುಡಿ ತಂದ. ಮರುದಿನ ಬೆಳಿಗ್ಗೆ ಅದನ್ನು ಕುಡಿದು ಗರಡಿಗೆ ಓಡೋಡಿ ಬಂದ.

"ವಸ್ತಾದ್ರೇ, ಕೈ ಇಟ್ಟು ನೋಡಿ! ಎದೆ ಕೆರೆ ನೀರಿನ ಹಾಗಿದೆ!"

ವಸ್ತಾದರು ಅವನ ಎದೆಯ ಮೇಲೆ ಕೈ ಇಟ್ಟರು. ಹುಬ್ಬು ಗಂಟಾಯಿತು. ಲಂಗೋಟಿ ಬಿಗಿದು ಮಣ್ಣಿಗೆ ಇಳಿದರು.

"ಬಾ."

ಅರವತ್ತು ದಾಟಿದ ಮುದುಕ. ರಾಚ ನಗುತ್ತಲೇ ಕೈ ಕೊಟ್ಟ. ಎರಡು ಪಟ್ಟು ಹಾಕುವಷ್ಟರಲ್ಲಿ ಅವನ ಕಾಲು ಹತ್ತಿಯಂತಾಯಿತು. ಉಸಿರು ಸಾಲಲಿಲ್ಲ. ಕಣ್ಣಿಗೆ ಕತ್ತಲೆ ಕಟ್ಟಿತು. ವಸ್ತಾದರು ತಳ್ಳಲೂ ಇಲ್ಲ, ಅವನೇ ಕುಸಿದ.

ಕಣ್ಣು ಬಿಟ್ಟಾಗ ಅವನ ತಲೆ ಗುರುವಿನ ತೊಡೆಯ ಮೇಲಿತ್ತು.

"ನನಗೇನಾಯ್ತು?"

"ನಿನ್ನ ತೋಳು ಕೇಳ್ತು, ಕಾಲು ಕೇಳ್ತು, ರಕ್ತ ತಾ, ಉಸಿರು ತಾ ಅಂತ. ತಂದುಕೊಡೋನು ಓಡಬೇಕಲ್ಲಪ್ಪ? ಅವನ ಕಾಲನ್ನೇ ನೀನು ಕಟ್ಟಿಹಾಕಿದ್ದೆ."

ರಾಚ ಎರಡು ದಿನ ಮಲಗಿದ. ಮೂರನೆಯ ದಿನ ಮೈ ಹಗುರಾಯಿತು. ಉಳಿದ ಪುಡಿಯನ್ನು ತಿಪ್ಪೆಗೆ ಸುರಿದು ಗರಡಿಗೆ ಬಂದ.

"ನೂರು ಬಸ್ಕಿ ಹೊಡಿ," ಅಂದರು ವಸ್ತಾದರು.

ಹೊಡೆದ. ಎದೆ ತಮಟೆಯಂತೆ ಬಡಿಯಿತು.

"ಈಗ ಅದಕ್ಕೆ ಹೇಳು, ಇಳಿ ಅಂತ."

ರಾಚ ಹಲ್ಲು ಕಚ್ಚಿದ, ಉಸಿರು ಬಿಗಿಹಿಡಿದ. ಎದೆ ಇನ್ನೂ ಜೋರಾಯಿತು.

"ಕೇಳ್ತಿಲ್ಲ ವಸ್ತಾದ್ರೇ!"

"ಹಾಗಾದ್ರೆ ಹೇಳಬೇಡ. ಕೂತ್ಕೊ. ಎದೆ ಮೇಲೆ ಕೈ ಇಟ್ಕೊ."

ರಾಚ ಕೂತ. ಸ್ವಲ್ಪ ಹೊತ್ತು ಕಳೆಯಿತು. ಒಮ್ಮೆಲೇ ಅವನ ಕಣ್ಣು ಅರಳಿತು.

"ಇಳೀತಾ ಇದೆ!"

"ಯಾರು ಇಳಿಸಿದ್ದು?"

"ನಾನಲ್ಲ!"

"ಹತ್ತಿಸಿದ್ದು?"

"ಅದೂ ನಾನಲ್ಲ!"

ಅವನು ಎದ್ದು ಮತ್ತೆ ಬಸ್ಕಿ ಹೊಡೆದ, ಮತ್ತೆ ಕೂತ. ಮತ್ತೆ ಏರಿತು, ಮತ್ತೆ ಇಳಿಯಿತು. ಗರಡಿಯಲ್ಲಿದ್ದವರನ್ನೆಲ್ಲ ಕೂಗಿ ಕರೆದ. ಅವರವರ ಎದೆಯ ಮೇಲೆ ಅವರವರ ಕೈ ಇಡಿಸಿದ.

"ನೋಡ್ರೋ! ಮೈ ಕಾದರೆ ಬೆವರು ಬರ್ತದೆ, ತಣ್ಣಗಾದರೆ ತಾನೇ ನಿಲ್ತದೆ. ಎಷ್ಟು ಬೇಕು, ಎಲ್ಲಿ ಸಾಕು, ಎಲ್ಲಾ ಗೊತ್ತು ಇದಕ್ಕೆ! ನಾನು ಹುಟ್ಟಿದಾಗಿನಿಂದ ಹೀಗೇ ಮಾಡ್ತಾ ಇದೆ, ನಾನು ಒಂದು ದಿನಾನೂ ನೋಡಿಲ್ಲ!"

ಯಾರೋ ನಕ್ಕರು. ವಸ್ತಾದರು ನಗಲಿಲ್ಲ.

ಕುಸ್ತಿಯ ದಿನ ಬಂತು. ಜನ ಕಿಕ್ಕಿರಿದಿದ್ದರು. ಹೆಸರು ಕೂಗಿದ ಕೂಡಲೇ ರಾಚನ ಎದೆ ಹಾರಿತು. ಅವನ ಕಾಲು ಅಂಚಿನಲ್ಲಿ ಒಂದು ಗಳಿಗೆ ನಿಂತಿತು.

"ಹೊರಟೇಬಿಟ್ಯಾ?" ಎಂದು ಎದೆಗೆ ಹೇಳಿದ. "ತಡಿ, ನಾನೂ ಬಂದೆ."

ಇಳಿದ. ಎದುರಾಳಿ ಕೈ ಕೊಟ್ಟ. ಆ ಅಂಗೈಯೂ ಬೆವರಿತ್ತು.

ಕುಸ್ತಿ ಬಹಳ ಹೊತ್ತು ನಡೆಯಿತು. ಎರಡು ಸಲ ರಾಚನ ಒಂದು ಭುಜ ಮಣ್ಣು ಮುಟ್ಟಿತು. ಎರಡು ಸಲವೂ ಎಲ್ಲಿಂದಲೋ ಉಸಿರು ಬಂತು, ತೋಳಿಗೆ ಬಲ ಬಂತು. ಕೊನೆಗೆ ಎದುರಾಳಿಯ ಸೊಂಟ ಹಿಡಿದೆತ್ತಿ ಚಿತ್ ಮಾಡಿದ.

ಜನರ ಕೇಕೆ ಮುಗಿಲು ಮುಟ್ಟಿತು. ರಾಚ ಮೈಯೆಲ್ಲ ಮಣ್ಣಾಗಿ, ನಗುತ್ತ, ಏದುತ್ತ ಬಂದು ಗುರುವಿನ ಕಾಲು ಹಿಡಿದ.

"ವಸ್ತಾದ್ರೇ, ಗೆದ್ದೆ! ಗೆದ್ದರೂ ಈ ಎದೆ ಇನ್ನೂ ಓಡ್ತಾನೇ ಇದೆ!"

ವಸ್ತಾದರು ಅವನನ್ನು ಎತ್ತಿ, ಬೆನ್ನಿನ ಮಣ್ಣು ಒರೆಸಿದರು.

"ಓಡ್ಲಿ ಬಿಡು ಮಗ. ಅದಕ್ಕೆ ಮನೆ ದಾರಿ ಗೊತ್ತು."